ಮೈಸೂರಲ್ಲಿ ಯಾಕೆ ಹಿಮ ಬೀಳಲ್ಲ? ನೆಪ ಹೇಳಿ, ಲೆಕ್ಕ ಕೊಡಿ

ಒಂಟಿಕೊಪ್ಪಲ್ ಒಗ್ಗರಣೆ

ಧನುರ್ಮಾಸ ಶುರುವಾಯ್ತು. ಸ್ವೆಟರ್, ಮಫ್ಲರ್, ಮಂಕಿ ಟೋಪಿ ಎಲ್ಲ ಬೀರುವಿನಿಂದ ಈಚೆ ಬಂದಿವೆ, ದೇವಸ್ಥಾನದಲ್ಲಿ ಹುಗ್ಗಿ ಹಂಚ್ತಿದಾರೆ. ಊರು ತನ್ನ ಪಾಲಿನ ಕೆಲಸ ಮಾಡಿ ಮುಗಿಸಿದೆ. ಹಿಮದ್ದು ಮಾತ್ರ ಪತ್ತೆ ಇಲ್ಲ. ಹೀಗಾಗೋಕೆ ಕಾರಣ ಏನು ಅಂತ ಇಲ್ಲಿ ಎಲ್ರೂ ಒಂದೊಂದು ನೆಪ ಹೇಳಿ. ನೆಪ ಎಷ್ಟು ಬೇಕಾದ್ರೂ ಸುಳ್ಳಿರಲಿ, ಅದರ ಕೆಳಗೆ ಬರೋ ಲೆಕ್ಕ ಮಾತ್ರ ಸುಳ್ಳಿರಬಾರದು. ಇದೊಂದೇ ನಿಯಮ.

ಮೊದಲ ಬೋಣಿ ನನ್ನದೇ. ನಮ್ಮ ಬೆಟ್ಟದ ತಾಯಿ ಯಾರು? ಹಿಮವಂತನ ಮಗಳು. ತವರಲ್ಲಿ ಹಿಮಕ್ಕೇನೂ ಬರ ಇಲ್ಲ. ಆದ್ರೆ ತವರಿನ ಬಾಗಿನ ಬರೋದು ಗೌರಿ ಹಬ್ಬಕ್ಕೆ, ಅದು ಭಾದ್ರಪದದಲ್ಲಿ. ಆ ಸೆಕೆಯಲ್ಲಿ ಮೊರದೊಳಗೆ ಇಟ್ಟು ಕಳಿಸಿದ ಹಿಮ ದಾರೀಲೇ ಕರಗಿ ನೀರಾಗುತ್ತೆ.

ಎರಡನೇ ನೆಪ: ಅರಮನೆಗೆ ಹಾಕಿರೋ ಸುಮಾರು 97 ಸಾವಿರ ಬಲ್ಬಿನ ಕಾವಿಗೆ ಹಿಮ ಹತ್ತಿರ ಸುಳಿಯಲ್ಲ.

ಇಬ್ಬನಿ ಲೆಕ್ಕ

ಬಲ್ಬಿನದು ಬೇಗ ಮುಗಿಯುತ್ತೆ. ಒಂದು ಬಲ್ಬಿಗೆ 15 ವ್ಯಾಟ್ ಅಂತ ಇಟ್ಕೊಳ್ಳಿ. ಒಟ್ಟು 1,455 ಕಿಲೋವ್ಯಾಟ್. ಡಿಸೆಂಬರ್ 21ರಂದು, ಸೂರ್ಯ ತೀರಾ ದಕ್ಷಿಣಕ್ಕೆ ಹೋಗಿರೋ ದಿನವೂ, ಮೈಸೂರಲ್ಲಿ ಮಧ್ಯಾಹ್ನದ ಬಿಸಿಲು 54 ಡಿಗ್ರಿ ಎತ್ತರದಿಂದ ಬೀಳುತ್ತೆ. ಮೋಡ ಇಲ್ಲದಿದ್ರೆ ಚದರ ಮೀಟರಿಗೆ ಸುಮಾರು 0.8 ಕಿಲೋವ್ಯಾಟ್. ಅಂದ್ರೆ ಅರಮನೆಯ ಅಷ್ಟೂ ದೀಪದ ಕಾವು 18 ಗುಂಟೆ ಗದ್ದೆ ಮೇಲೆ ಬೀಳೋ ಬಿಸಿಲಿಗೆ ಸಮ. ಅದೂ ಭಾನುವಾರ, ಹಬ್ಬ, ರಜಾ ದಿನ ಸಂಜೆ ಮುಕ್ಕಾಲು ಗಂಟೆ ಹೊತ್ತು. ದೀಪಗಳಿಗೆ ಕ್ಲೀನ್ ಚಿಟ್.

ನಿಜವಾದ ಆರೋಪಿ ಆ ಬಿಸಿಲೇ. ಮೈಸೂರು ಇರೋದು ಉತ್ತರ ಅಕ್ಷಾಂಶ 12.3 ಡಿಗ್ರಿಯಲ್ಲಿ. ಡಿಸೆಂಬರ್ 21ಕ್ಕೆ ನಮಗೆ ಹಗಲು ಸುಮಾರು 11 ಗಂಟೆ 25 ನಿಮಿಷ, ಶಿಮ್ಲಾಕ್ಕೆ 10 ಗಂಟೆ ಚಿಲ್ಲರೆ. ಶಿಮ್ಲಾದಲ್ಲಿ ಅವತ್ತಿನ ನಡುಹಗಲ ಸೂರ್ಯನ ಎತ್ತರ ಬರೀ 35 ಡಿಗ್ರಿ. ಅದರ ಮೇಲೆ ಶಿಮ್ಲಾ 2,200 ಮೀಟರ್ ಎತ್ತರದಲ್ಲಿದೆ, ನಾವು 770.

ಸಾವಿರ ಮೆಟ್ಟಿಲು

ಹಾಗಾದ್ರೆ ಎತ್ತರದ ಲೆಕ್ಕ ನಾನು ಕೊಡ್ತೀನಿ. ಮೇಲೆ ಹೋದ ಹಾಗೆ ಗಾಳಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತೆ. ನಮ್ಮ ಅಕ್ಷಾಂಶದಲ್ಲಿ ಸೊನ್ನೆ ಡಿಗ್ರಿ ಸಿಗೋದು ಸುಮಾರು 4,800 ಮೀಟರ್ ಎತ್ತರದಲ್ಲಿ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ 1,060 ಮೀಟರ್. ಕೊರತೆ 3,740. ಒಂದು ಮೆಟ್ಟಿಲಿಗೆ ಕಾಲು ಮೀಟರ್ ಅಂತ ಹಿಡಿದ್ರೆ ಈಗಿರೋ ಸಾವಿರದ ಮೇಲೆ ಇನ್ನೂ 15 ಸಾವಿರ ಮೆಟ್ಟಿಲು ಕಟ್ಟಬೇಕು. ಹಿಮ ಸೊನ್ನೆ ಗೆರೆ ದಾಟಿದ ತಕ್ಷಣ ಕರಗಲ್ಲ, ಇನ್ನೊಂದು 300 ಮೀಟರ್ ಕೆಳಗಿನವರೆಗೂ ಅರೆಬರೆಯಾಗಿ ಬರುತ್ತೆ. ಅದಕ್ಕೆ 1,200 ಮೆಟ್ಟಿಲು ರಿಯಾಯಿತಿ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ ಹತ್ತೋರು ಮುಂಚೆಯೇ ಯೋಚನೆ ಮಾಡ್ಕೊಳ್ಳಿ.

ನಮ್ಮ ಬೆಟ್ಟ ಒಂದರದ್ದೇ ತಪ್ಪಲ್ಲ. ಮುಳ್ಳಯ್ಯನಗಿರಿ 1,930, ದೊಡ್ಡಬೆಟ್ಟ 2,637, ಆನೈಮುಡಿ 2,695. ದಕ್ಷಿಣದಲ್ಲಿ ಯಾರೂ ಪಾಸಿಲ್ಲ. ಇದೇ ಉಷ್ಣವಲಯದಲ್ಲಿ ಕಿಲಿಮಂಜಾರೋ ತಲೆ ಮೇಲೆ ಹಿಮ ಇದೆಯಲ್ಲ ಅಂತೀರಾ? ಅದು 5,895 ಮೀಟರ್. ಸಮಭಾಜಕಕ್ಕೆ ನಮಗಿಂತ ಹತ್ತಿರ ಇದ್ದೂ ಎತ್ತರದಿಂದ ಗೆದ್ದಿದೆ.

ಮುದ್ದೆ ಮಾಸ್ಟರ್

ಅಣ್ಣೋ, ಇದೆಲ್ಲ ಬುಡಿ. ಮಂಡ್ಯ ಜಿಲ್ಲೆ ಕತೆ ಯೋಳ್ತೀನಿ ಕೇಳಿ. ಇಲ್ಲಿ ಒಂದೊಂದು ಮನೇಲೂ ಎರಡೊತ್ತು ಮುದ್ದೆ ತೊಳಸ್ತಾರೆ. ಆ ಆವಿ ಮ್ಯಾಕ್ಕೆ ಹೋಯ್ತಾ ಇದ್ರೆ ಇಮ ಎಂಗಣ್ಣ ಕೆಳಕ್ಕೆ ಬತ್ತದೆ? ಮೈಸೂರ್ನೋರು ಇಡ್ಲಿ ತಿಂದು ತಣ್ಗೆ ಕೂತವ್ರೆ, ಅವ್ರಿಗಾದ್ರೂ ಒಸಿ ಬೀಳ್ಬೋದಿತ್ತು. ನಮ್ಮ ಆವಿ ಅಲ್ಲೀಗಂಟ ಹೋಯ್ತದೆ, ಏನ್ ಮಾಡದು.

ಇಬ್ಬನಿ ಲೆಕ್ಕ

ಮಾಸ್ಟ್ರೇ, ನಿಮ್ಮ ನೆಪಕ್ಕೆ ಈವರೆಗಿನ ಅತಿ ಹೆಚ್ಚು ಅಂಕ. 300 ಗ್ರಾಂ ಮುದ್ದೆ, ತಟ್ಟೆಗೆ ಬಿದ್ದಾಗ 80 ಡಿಗ್ರಿ. ಅದರಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಇರೋದ್ರಿಂದ ಗ್ರಾಮಿಗೆ ಡಿಗ್ರಿಗೆ ಸುಮಾರು 3.5 ಜೂಲ್. ಸೊನ್ನೆಗೆ ಇಳಿಯೋ ಹೊತ್ತಿಗೆ 84 ಕಿಲೋಜೂಲ್ ಬಿಟ್ಟುಕೊಡುತ್ತೆ. ಒಂದು ಕಿಲೋ ಹಿಮ ಕರಗೋಕೆ 334 ಕಿಲೋಜೂಲ್ ಬೇಕು. ಹಾಗಾಗಿ ಒಂದು ಮುದ್ದೆಗೆ ಕಾಲು ಕಿಲೋ ಹಿಮ ಆಹುತಿ. ಹೊಸದಾಗಿ ಬಿದ್ದ ಹಿಮ ಹತ್ತಿಯ ಹಾಗೆ ಹಗುರ, ಅದು ಎರಡೂವರೆ ಲೀಟರ್ ಜಾಗ ತುಂಬುತ್ತೆ. ಊಟದ ತಟ್ಟೆ ಮೇಲೆ ಬೀಳೋ ಹಿಮಕ್ಕೆ ಮುದ್ದೆ ಒಂದೇ ಸಾಕು. ಸಾರು ಬೇರೆ ಇದೆ.

ಊರಿಗೆ ಊರೇ ಕರಗಿಸೋಕೆ ಮಾತ್ರ ಸಾಲಲ್ಲ.

ನಾಲೆ ಬದಿ

ಇದು ಸರಳವಾಗಿ ಅಂತರರಾಜ್ಯ ವಿವಾದ ಕಣ್ರೀ. ಹಿಮಾಲಯದವರು ಮೇಲ್ದಂಡೆ, ನಾವು ಕೆಳದಂಡೆ. ಅವರ ಪಾಲಿಗೆ ಬೇಕಾದಷ್ಟು ಇಟ್ಕೊಂಡು ಒಂದು ಹನಿ ಬಿಡ್ತಿಲ್ಲ. ಮೊದಲು ನಮಗೆ ನ್ಯಾಯಮಂಡಳಿ ಬೇಕು, ಆಮೇಲೆ ನಿರ್ವಹಣಾ ಪ್ರಾಧಿಕಾರ, ಆಮೇಲೆ ಮಂಡ್ಯದ ಸಂಜಯ ಸರ್ಕಲ್‌ನಲ್ಲಿ ಧರಣಿ.

ಆದ್ರೆ ಬೇಡಿಕೆ ಎಷ್ಟು ಅಂತ ಬರೆಯೋ ಮುಂಚೆ ಲೆಕ್ಕ ಗೊತ್ತಿರಬೇಕು. ಸಾಮಾನ್ಯವಾಗಿ 10 ಸೆಂಟಿಮೀಟರ್ ಹಿಮ ಕರಗಿದ್ರೆ 1 ಸೆಂಟಿಮೀಟರ್ ನೀರು. 100 ಚದರ ಕಿಲೋಮೀಟರ್ ಮೇಲೆ 10 ಸೆಂಟಿಮೀಟರ್ ಹಿಮ ಬಿತ್ತು ಅನ್ನಿ, 10 ಲಕ್ಷ ಘನ ಮೀಟರ್ ನೀರಾಯ್ತು. ಒಂದು ಟಿಎಂಸಿ ಅಂದ್ರೆ 2.83 ಕೋಟಿ ಘನ ಮೀಟರ್. ಭಾಗಿಸಿ ನೋಡಿ: 0.035 ಟಿಎಂಸಿ. ಇಷ್ಟಕ್ಕೆ ಯಾರೂ ರಸ್ತೆ ತಡೆ ಮಾಡಲ್ಲ. 2018ರ ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯನ್ನ ಹಿಮದ ರೂಪದಲ್ಲಿ ವಸೂಲಿ ಮಾಡಬೇಕಾದ್ರೆ ಅದೇ 100 ಚದರ ಕಿಲೋಮೀಟರ್ ಮೇಲೆ ಸುಮಾರು 42 ಮೀಟರ್ ದಪ್ಪ ಬೀಳಬೇಕು. ಕನ್ನಂಬಾಡಿ ಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ, ಅಂದ್ರೆ 38 ಮೀಟರ್. ಅದಕ್ಕಿಂತ ಎತ್ತರ.

ಇಬ್ಬನಿ ಲೆಕ್ಕ

ಮೇಲ್ದಂಡೆ ಆರೋಪದಲ್ಲಿ ಅರ್ಧ ಸತ್ಯ ಇದೆ. ಚಳಿಗಾಲದಲ್ಲಿ ಸೈಬೀರಿಯಾ ಮೇಲೆ ಕೂರೋ ಶೀತಗಾಳಿ ಭಾರವಾದದ್ದು, ನೆಲಕ್ಕೆ ಅಂಟಿಕೊಂಡೇ ಹರಿಯುತ್ತೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗೆ ಮೇಲೆ. ಆ ಗಾಳಿ ಹತ್ತಿ ಈಚೆ ಬರೋ ಮಾತಿಲ್ಲ. ಗೋಡೆ ಇಲ್ಲದ ಕಡೆ ಏನಾಗುತ್ತೆ ನೋಡಿ: ಚೀನಾದ ಗುವಾಂಗ್‌ಝೌ ಇರೋದು ಹೆಚ್ಚುಕಮ್ಮಿ ಕೋಲ್ಕತ್ತದ ಅಕ್ಷಾಂಶದಲ್ಲಿ. ಅಲ್ಲಿ 2016ರ ಜನವರಿಯಲ್ಲಿ ಹಿಮ ಉದುರಿತು. ಕೋಲ್ಕತ್ತದೋರು ಹಿಮಾಲಯದ ಕೃಪೆಯಿಂದ ಮಂಕಿ ಟೋಪಿಯಲ್ಲೇ ಸುಧಾರಿಸ್ತಾರೆ.

ಇನ್ನರ್ಧ ಸತ್ಯ ಏನಂದ್ರೆ, ಗೋಡೆ ಕೆಡವಿದ್ರೂ ನಮಗೆ ತಲುಪಲ್ಲ. ದಾರೀಲಿ 2,000 ಕಿಲೋಮೀಟರ್ ಬಿಸಿಲುಂಡ ನೆಲ ಇದೆ.

ಅಡ್ಡಗೋಡೆ ದೀಪ

ನಾನು ಯಾರ ಪರವೂ ಅಲ್ಲ. ಆದ್ರೂ ಒಂದು ಅನುಮಾನ. ಕನ್ನಂಬಾಡಿ ಕಟ್ಟೆ ಕಟ್ಟಿದ್ಮೇಲೆ ನೀರಿನ ಕಾವಿಗೆ ಹಿಮ ನಿಂತಿತು ಅಂತ ಹೇಳಬಹುದಲ್ವಾ? 1911ಕ್ಕೆ ಕೆಲಸ ಶುರು, 1931ರ ಹೊತ್ತಿಗೆ ಮುಗೀತು. ಆಮೇಲೆ ಒಂದು ಚೂರೂ ಹಿಮ ಬಿದ್ದಿಲ್ಲ, ಬೇಕಾದ್ರೆ ದಾಖಲೆ ನೋಡಿ.

ನಾಲೆ ಬದಿ

1911ಕ್ಕೆ ಮುಂಚೆಯೂ ಬಿದ್ದಿಲ್ಲ, ಅದನ್ನೂ ನೋಡಿ ಸ್ವಾಮಿ. ಆದ್ರೆ ನೀರಿನ ಕಾವು ಅನ್ನೋದು ತಮಾಷೆ ಅಲ್ಲ. ಕಟ್ಟೆ ತುಂಬಿದ್ರೆ 49.45 ಟಿಎಂಸಿ, ಅಂದ್ರೆ 140 ಕೋಟಿ ಘನ ಮೀಟರ್. ಇದು ಬರೀ ಒಂದು ಡಿಗ್ರಿ ತಣ್ಣಗಾಗೋಕೆ ಸುಮಾರು 163 ಕೋಟಿ ಯೂನಿಟ್ ಕರೆಂಟಿನಷ್ಟು ಶಾಖ ಹೊರಗೆ ಹೋಗಬೇಕು. ಮೇಲ್ಪದರ ಹೆಪ್ಪುಗಟ್ಟಬೇಕು ಅಂದ್ರೆ ಇನ್ನೂ ಫಜೀತಿ. ನೀರು ಅತಿ ಭಾರ ಇರೋದು 4 ಡಿಗ್ರಿಯಲ್ಲಿ. ಮೇಲಿನ ನೀರು ತಣ್ಣಗಾದಂಗೆಲ್ಲ ಮುಳುಗುತ್ತೆ, ಕೆಳಗಿನ ಬೆಚ್ಚಗಿನ ನೀರು ಮೇಲೆ ಬರುತ್ತೆ. ಹೀಗೆ ಬುಡದವರೆಗೂ 4 ಡಿಗ್ರಿ ಆಗೋ ತನಕ ಮೇಲೆ ಒಂದು ಗೆರೆ ಮಂಜುಗಡ್ಡೆಯೂ ಕಟ್ಟಲ್ಲ. ಈಗ ನೀರು 24 ಡಿಗ್ರಿ ಇದೆ ಅಂತ ಹಿಡಿದ್ರೆ 20 ಡಿಗ್ರಿ ಇಳಿಸಬೇಕು, 3,260 ಕೋಟಿ ಯೂನಿಟ್. ಬೃಂದಾವನದಲ್ಲಿ ಸ್ಕೇಟಿಂಗ್ ಆಸೆ ಬಿಟ್ಟುಬಿಡಿ.

ನಾಲೆ ಬಯಲಿನ ಪಾತ್ರ ಬೇರೆ. ಗದ್ದೆಯಲ್ಲಿ ನೀರು ನಿಂತಿದ್ರೆ ಗಾಳಿಯಲ್ಲಿ ತೇವ ಜಾಸ್ತಿ. ರಾತ್ರಿ ನೆಲದಿಂದ ಆಕಾಶಕ್ಕೆ ಹೊರಡೋ ಶಾಖವನ್ನ ಈ ತೇವ ಕಂಬಳಿ ಥರ ತಡೆಯುತ್ತೆ. ತೇವ ಸಾಂದ್ರವಾಗಿ ಇಬ್ಬನಿ, ದಟ್ಟ ಮಂಜು ಆಗೋವಾಗ ಅದರೊಳಗಿನ ಶಾಖ ಮತ್ತೆ ಈಚೆ ಬರುತ್ತೆ. ಅದಕ್ಕೇ ಮಂಜು ಕವಿದ ಮೇಲೆ ಉಷ್ಣಾಂಶ ಇಳಿಯೋದು ನಿಧಾನ. ಮಂಡ್ಯ ಕಡೆ ಬೆಳಗಿನ ಜಾವ ಗಾಡಿ ಓಡಿಸೋರು ಹೈ ಬೀಮ್ ಹಾಕಬೇಡಿ. ಬೆಳಕು ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ.

ಒಂಟಿಕೊಪ್ಪಲ್ ಒಗ್ಗರಣೆ

ಒಂದು ನಿಮಿಷ. "ಮಂಜು ಕವಿದಿದೆ" ಅಂತ ನೀವೇ ಬರೆದ್ರಿ. ಮಂಜು ಬಿದ್ದ ಮೇಲೆ ಇನ್ನೇನು ಬೇಕು? ಹಿಮಕ್ಕೂ ನಾವು ಮಂಜು ಅಂತೀವಲ್ಲ. ಕಾಶ್ಮೀರದಲ್ಲಿ ಮಂಜು ಬಿತ್ತು ಅಂತಾರೆ, ಮದ್ದೂರಲ್ಲೂ ಮಂಜು ಬಿತ್ತು ಅಂತಾರೆ. ಕಾಗದದ ಮೇಲೆ ಇಬ್ಬರಿಗೂ ಸಮಪಾಲು.

ಅಡ್ಡಗೋಡೆ ದೀಪ

ಇದು ಒಪ್ಪುವಂಥ ಮಾತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೆಸರಲ್ಲೇ ಹಿಮ ಇದೆ. ಗುಂಡ್ಲುಪೇಟೆ ದಾಟಿದ್ರೆ ಬಂತು.

ಸಾವಿರ ಮೆಟ್ಟಿಲು

ಹೆಸರಲ್ಲಿ ಇದ್ರೆ ಬಂತಾ? ಹಾಗಾದ್ರೆ ನಮ್ಮ ಥಂಡಿ ಸಡಕ್‌ನಲ್ಲಿ ಏಪ್ರಿಲ್‌ನಲ್ಲೂ ಹಲ್ಲು ಕಟಕಟ ಅನ್ನಬೇಕಿತ್ತು. ಗೋಪಾಲಸ್ವಾಮಿ ಬೆಟ್ಟ 1,450 ಮೀಟರ್ ಚಿಲ್ಲರೆ. ಅಲ್ಲಿ ಬೆಳಗ್ಗೆ ಹೊತ್ತು ಕವಿಯೋದು ಬೆಟ್ಟಕ್ಕೆ ತಾಗಿದ ಮೋಡ. ನೀರ ಹನಿಯೇ, ಹಿಮವಲ್ಲ.

ಇಲ್ಲಿ ಐದು ಬೇರೆ ಬೇರೆ ಸಾಮಾನಿಗೆ ಒಂದೇ ಚೀಟಿ ಅಂಟಿಸ್ತಿದೀವಿ. ಗಾಳಿಯಲ್ಲಿ ತೇಲೋ ಸಣ್ಣ ಹನಿಗಳು ಮಂಜು, ಹಳಬರ ಮಾತಲ್ಲಿ ಕಾವಳ. ಹುಲ್ಲಿನ ಮೇಲೆ ಕಟ್ಟೋ ನೀರ ಹನಿ ಇಬ್ಬನಿ. ಹುಲ್ಲಿನ ಮೇಲೆಯೇ ಆವಿ ಹರಳಾಗಿ ಕಟ್ಟಿದ್ರೆ ಅದು ಹೆಪ್ಪಿಬ್ಬನಿ ಅನ್ನಿ, ಊಟಿಯಲ್ಲಿ ಜನವರಿ ಬೆಳಗ್ಗೆ ಟಿವಿಯವರು "ಹಿಮಪಾತ" ಅಂತ ತೋರಿಸೋದು ಇದನ್ನೇ. ಗುಡುಗು ಮೋಡದಿಂದ ಉದುರೋ ಗಡ್ಡೆ ಆಲಿಕಲ್ಲು. ಮೋಡದೊಳಗೆ ಆವಿ ನೇರವಾಗಿ ಆರು ಮೂಲೆಯ ಹರಳಾಗಿ ಬೆಳೆದು ನೆಲಕ್ಕೆ ಬಂದ್ರೆ ಮಾತ್ರ ಹಿಮ.

ವಾಟ್ಸಾಪಲ್ಲಿ ಬರೋ ಬಿಳಿ ಫೋಟೋ ಯಾವುದು ಅಂತ ಪತ್ತೆ ಹಚ್ಚೋದು ಸುಲಭ. ಬಯಲಲ್ಲಿ ಬೆಳ್ಳಗಿದ್ದು ಮರದ ಕೆಳಗೆ ಹಸಿರಾಗೇ ಇದ್ರೆ ಹೆಪ್ಪಿಬ್ಬನಿ. ಮರದ ಕೊಂಬೆ ನೆಲದ ಶಾಖ ಆಕಾಶಕ್ಕೆ ಹೋಗೋದನ್ನ ತಡೆಯುತ್ತೆ, ಅದಕ್ಕೆ ಅಡಿಯಲ್ಲಿ ಕಟ್ಟಲ್ಲ. ಎಲೆ ತೂತಾಗಿ ಹರಿದಿದ್ರೆ, ಬಿಳಿ ರಾಶಿ ಕಾಳು ಕಾಳಾಗಿ ಕಂಡ್ರೆ ಆಲಿಕಲ್ಲು. ಕೊಡಗಿನ ತೋಟದ ಬಿಳಿ ಫೋಟೋಗಳು ಸಾಮಾನ್ಯವಾಗಿ ಇದೇ ಜಾತಿ.

ಮುದ್ದೆ ಮಾಸ್ಟರ್

ನಮ್ಮಲ್ಲಿ ಆರನೇದು ಒಂದೈತೆ, ಬುಟ್ಬುಟ್ರಿ. ಕಾರ್ತಿಕ ಕಳೀತಿದ್ದಂಗೆ ಕಬ್ಬಿನ ಗದ್ದೆ ಮ್ಯಾಲೆಲ್ಲ ಬೆಳ್ಳಗೆ ಸೂಲಂಗಿ, ಅಂದ್ರೆ ಕಬ್ಬಿನ ಹೂವ. ಗಾಳಿ ಬೀಸುದ್ರೆ ಅಂಗೇ ತೇಲ್ಕಂಡು ಬತ್ತದೆ. ಪೇಟೆಯೋರು ಕಾರು ನಿಲ್ಲಿಸ್ಕಂಡು ಫೋಟೋ ಹೊಡ್ಕತಾರೆ. ರೈತ ತಲೆ ಮ್ಯಾಲೆ ಕೈ ಇಟ್ಕತಾನೆ. ಯಾಕೇಂದ್ರೆ ಸೂಲಂಗಿ ಬಂತು ಅಂದ್ರೆ ಸುಳಿ ಮುಗೀತು, ಕಬ್ಬು ಇನ್ನು ಉದ್ದ ಆಗಕಿಲ್ಲ. ಕಟಾವು ತಡ ಆದ್ರೆ ತುದಿಯಿಂದ ಬೆಂಡು ಕಟ್ಕೊಂಡು ತೂಕ ಕಮ್ಮಿ ಆಯ್ತದೆ. ಮಳೆಗಾಲ ಮುಗಿಯೋ ಹೊತ್ಗೆ ಹಗಲು ಹನ್ನೆರಡೂವರೆ ಗಂಟೆ ಆಸುಪಾಸಿಗೆ ಇಳೀತದಲ್ಲ, ಆಗ್ಲೇ ಒಳಗೊಳಗೆ ಹೂವಿಗೆ ತಯಾರಿ ನಡೀತದೆ, ಕಣ್ಣಿಗೆ ಕಾಣದು ಆಮ್ಯಾಕೆ. ಅದಕ್ಕೇ ಗದ್ದೆ ಬೆಳ್ಳಗಾದ್ಮೇಲೆ ಗೊಬ್ರ ಸುರುದ್ರೆ ದುಡ್ಡು ದಂಡ. ಕಟಾವಿಗೆ ಸರದಿ ಹಿಡ್ಕಳದೊಂದೇ ದಾರಿ.

ಇದಾದ್ಮೇಲೆ ಬೇಸ್ಗೇಲಿ ಬೂರುಗದ ಅರಳೆ ಆರ್ತದೆ. ಎರಡು ಸೀಜನ್ನು ಇಮ ಆಯ್ತಲ್ಲ, ಇನ್ನೆಷ್ಟು ಬೇಕು?

ಅಡ್ಡಗೋಡೆ ದೀಪ

ಬೆಂಗಳೂರಿನೋರಿಗೆ ಕೆರೆಯಿಂದಲೇ ಹಿಮ ಸಪ್ಲೈ ಇತ್ತು, ಅದನ್ನ ಮರೀಬೇಡಿ. 2015ರಲ್ಲಿ ವರ್ತೂರು ಕೋಡಿಯಿಂದ ರಸ್ತೆಗೆ ಹಾರಿ ಬರ್ತಿತ್ತಲ್ಲ. ಬೆಳ್ಳಂದೂರಿನದಕ್ಕೆ ಬೆಂಕಿಯೂ ಹತ್ತಿತ್ತು. ಉರಿಯೋ ಹಿಮ ಹಿಮಾಲಯದಲ್ಲೂ ಇಲ್ಲ.

ನಾಲೆ ಬದಿ

ಅದು ಸೋಪಿನ ನೊರೆ. ಬಟ್ಟೆ ಪುಡಿಯ ಅಂಶ ಚರಂಡಿ ನೀರಲ್ಲಿ ಸೇರಿ ಕೆರೆ ತಳದಲ್ಲಿ ಕೂತಿರುತ್ತೆ, ಕೋಡಿಯಲ್ಲಿ ನೀರು ಎತ್ತರದಿಂದ ಬೀಳೋವಾಗ ಗಾಳಿ ಕಲಸಿ ನೊರೆ ಏಳುತ್ತೆ. ಕೈಯಲ್ಲಿ ಮುಟ್ಟಿದ್ರೆ ತುರಿಕೆ. ಸ್ಪರ್ಧೆಗೆ ಅನರ್ಹ.

ಕೊಬ್ಬರಿ ಎಣ್ಣೆ

ನನ್ನ ಹೆಸರಲ್ಲೇ ಉತ್ತರ ಇದ್ದು ಯಾರೂ ಕರೀಲಿಲ್ಲ. ಮೈಸೂರಲ್ಲಿ ಚಳಿಗಾಲ ಬಂತು ಅಂತ ಘೋಷಣೆ ಮಾಡೋದು ಹವಾಮಾನ ಇಲಾಖೆ ಅಲ್ಲ, ಬಚ್ಚಲುಮನೆ ಕಿಟಕಿಯಲ್ಲಿರೋ ಕೊಬ್ಬರಿ ಎಣ್ಣೆ ಬಾಟ್ಲಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದ್ರೆ ಅದು ಹೆಪ್ಪುಗಟ್ಟೋಕೆ ಶುರು. ಊರಲ್ಲಿ ತಾನಾಗಿ ಹೆಪ್ಪುಗಟ್ಟೋ ಪದಾರ್ಥ ಇದು ಮತ್ತು ತುಪ್ಪ, ಎರಡೇ. ನಮಗೆ ಬೇಕಾದ ಹಿಮ ತೆಂಗಿನಕಾಯಿ ರೂಪದಲ್ಲಿ ಆಗಲೇ ಮಂಜೂರಾಗಿದೆ, ಅದಕ್ಕೇ ಮೇಲಿನವರು ಇನ್ನೊಂದು ಕಳಿಸ್ತಿಲ್ಲ.

ಕರಗಿಸೋಕೆ ಬಾಟ್ಲಿಯನ್ನ ಬಿಸಿನೀರಿನ ಚೊಂಬಲ್ಲಿ ಐದು ನಿಮಿಷ ನಿಲ್ಲಿಸಿ, ಸಾಕು. ಒಲೆ ಮೇಲೆ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಅಲ್ಲಾಡಿಸದೆ ಬಿಟ್ಟ ಬಾಟ್ಲಿ 24ಕ್ಕಿಂತ ಕೆಳಗಿದ್ರೂ ಕೆಲವು ಸಲ ತಿಳಿಯಾಗೇ ಇರುತ್ತೆ. ಎಲ್ಲೋ ಒಂದು ಕಡೆ ಹರಳು ಶುರುವಾದ್ರೆ ಸುತ್ತಲಿಂದ ಹಬ್ಬಿಕೊಂಡು ಬರುತ್ತೆ. ಗಟ್ಟಿಯಾಗೋಕೆ ತಣ್ಣಗಿದ್ರೆ ಸಾಲದು, ಮೊದಲ ಹರಳಿಗೆ ಒಂದು ನೆಲೆ ಬೇಕು.

ಇಬ್ಬನಿ ಲೆಕ್ಕ

ಅಲ್ಲಿಗೆ ಬಂದ್ರಿ ನೋಡಿ! ಇಡೀ ಥ್ರೆಡ್ಡಿನ ಬೀಗದ ಕೈ ಅದೇ.

ಮೋಡದಲ್ಲೂ ಹೀಗೇ ನಡೆಯುತ್ತೆ. ಸೊನ್ನೆಗಿಂತ ಕೆಳಗೆ ಹೋದ ತಕ್ಷಣ ಮೋಡದ ಹನಿ ಹೆಪ್ಪುಗಟ್ಟಲ್ಲ. ಶುದ್ಧ ಹನಿ ಮೈನಸ್ 38 ಡಿಗ್ರಿ ಆಸುಪಾಸಿನವರೆಗೂ ನೀರಾಗೇ ಇರಬಲ್ಲದು. ಮಣ್ಣಿನ ಧೂಳಿನಂಥ ಕಣ ಸಿಕ್ಕಿದ್ರೆ ಅದಕ್ಕಿಂತ ಮುಂಚೆಯೇ ಹರಳು ಶುರುವಾಗುತ್ತೆ. ಹರಳು ಒಂದಿದ್ದು ಸುತ್ತ ನೀರ ಹನಿ ಇದ್ರೆ ಹನಿಯಿಂದ ಆವಿ ಎದ್ದು ಹರಳಿನ ಮೇಲೆ ಕೂರುತ್ತೆ, ಯಾಕಂದ್ರೆ ಅದೇ ಉಷ್ಣಾಂಶದಲ್ಲಿ ಮಂಜುಗಡ್ಡೆಯ ಮೇಲಿನ ಆವಿ ಒತ್ತಡ ನೀರಿನ ಮೇಲಿರೋದಕ್ಕಿಂತ ಕಮ್ಮಿ. ಹನಿ ಸೊರಗುತ್ತೆ, ಹರಳು ಕೊಬ್ಬುತ್ತೆ. ಮೈನಸ್ 15ರ ಹತ್ತಿರ ಗರಿಗರಿಯಾಗಿ ಆರು ಕೊಂಬೆ ಬಿಡುತ್ತೆ.

ಈಗ ಏಪ್ರಿಲ್, ಮೇ ತಿಂಗಳಲ್ಲಿ ಮೈಸೂರಿನ ಮೇಲೆ ಏಳೋ ಗುಡುಗು ಮೋಡ ನೆನಪಿಸ್ಕೊಳ್ಳಿ. ಅದರ ತಲೆ 12 ಕಿಲೋಮೀಟರ್ ದಾಟಿರುತ್ತೆ. ಸೊನ್ನೆ ಗೆರೆ 5 ಕಿಲೋಮೀಟರಲ್ಲಿ. ಅರ್ಧಕ್ಕಿಂತ ಹೆಚ್ಚು ಮೋಡ ಇರೋದೇ ಹೆಪ್ಪುಗಟ್ಟೋ ಜಾಗದಲ್ಲಿ. ಅಲ್ಲಿ ಹಿಮ ಬೀಳ್ತಾನೇ ಇರುತ್ತೆ, ಹಿಮದ ಮೇಲೆ ನೀರು ಅಂಟಿ ಸಾಬೂದಾನಿಯಂಥ ಮೆದು ಉಂಡೆಯೂ ಆಗುತ್ತೆ. ಸೊನ್ನೆ ಗೆರೆ ದಾಟಿ 300ರಿಂದ 500 ಮೀಟರ್ ಇಳಿಯೋ ಹೊತ್ತಿಗೆ ಕರಗಿ ನೀರು. ಹವಾಮಾನ ರಾಡಾರಿನಲ್ಲಿ, ಮುಖ್ಯವಾಗಿ ಗುಡುಗಿನ ಆರ್ಭಟ ಇಳಿದು ಸಣ್ಣಗೆ ಹೊಯ್ಯೋ ಹೊತ್ತಲ್ಲಿ, ಈ ಕರಗೋ ಪದರ ಹೊಳೆಯೋ ಪಟ್ಟಿಯಾಗಿ ಕಾಣುತ್ತೆ. ಮೈ ಒದ್ದೆಯಾದ ಹಿಮ ರಾಡಾರಿಗೆ ದೊಡ್ಡ ಹನಿಯ ಹಾಗೆ ಹೊಳೆಯೋದ್ರಿಂದ.

ಅಂದ್ಮೇಲೆ ಮೈಸೂರಲ್ಲಿ ಹಿಮ ಬೀಳಲ್ಲ ಅನ್ನೋದೇ ತಪ್ಪು. ಬೀಳುತ್ತೆ, ಚಳಿಗಾಲದಲ್ಲಲ್ಲ, ಮೇ ತಿಂಗಳಲ್ಲಿ. ನಾಲ್ಕು ಕಿಲೋಮೀಟರ್ ಮೇಲೆ ಕರಗಿ ಅಶ್ವಿನಿ, ಭರಣಿ, ಕೃತ್ತಿಕಾ ಮಳೆ ಅನ್ನೋ ಹೆಸರಲ್ಲಿ ಮನೆಗೆ ಬರುತ್ತೆ. ಮೊದಲನೇ ಪೋಸ್ಟಿನ ಬಾಗಿನದ ನೆಪ ಇತ್ತಲ್ಲ, ದಾರೀಲೇ ಕರಗುತ್ತೆ ಅಂತ? ತಿಂಗಳು ತಪ್ಪಿದೆ, ಕಾರಣ ಸರಿಯಾಗಿದೆ.

ಮುದ್ದೆ ಮಾಸ್ಟರ್

ಭರಣಿ ಮಳೆ ಬಂದ್ರೆ ಧರಣಿ ಬೆಳೆ ಅಂತಿದ್ದದ್ದು ಇಮದ ನೀರಿಗಾ! ಅಂಗಾದ್ರೆ ಆಷಾಢದ ಸೋನೆನೂ ಇಮವೇಯಾ?

ಇಬ್ಬನಿ ಲೆಕ್ಕ

ಅದು ಹೆಚ್ಚಿನ ಪಾಲು ಅಲ್ಲ. ಮುಂಗಾರಿನಲ್ಲಿ ಘಟ್ಟ ದಾಟಿ ನಮ್ಮ ಕಡೆ ಬರೋ ಮೋಡ ಎಷ್ಟೋ ಸಲ ಗಿಡ್ಡ, ತಲೆ ಸೊನ್ನೆ ಗೆರೆ ಮುಟ್ಟೋದೇ ಇಲ್ಲ. ಹನಿಗೆ ಹನಿ ಡಿಕ್ಕಿ ಹೊಡೆದು ಕೂಡಿಕೊಂಡು ಬೀಳೋ ಮಳೆ. ಅದರಲ್ಲಿ ಹಿಮದ ಪಾತ್ರ ಇಲ್ಲ. ಚಳಿಗಾಲದಲ್ಲಂತೂ ಈಶಾನ್ಯದಿಂದ ಒಣಗಾಳಿ, ಮೋಡವೇ ಅಪರೂಪ. ಜನವರಿಯಲ್ಲಿ ಮೈಸೂರಿಗೆ ಬೀಳೋ ಸರಾಸರಿ ಮಳೆ ಕೆಲವೇ ಮಿಲಿಮೀಟರ್. ಬಂಗಾಳಕೊಲ್ಲಿಯಿಂದ ವಾಯುಭಾರ ಕುಸಿತ ಬಂದು ಮೋಡ ಕವಿದ್ರೆ ರಾತ್ರಿ ಬೆಚ್ಚಗಾಗುತ್ತೆ. ಮೋಡ ಇದ್ರೆ ಚಳಿ ಇಲ್ಲ, ಚಳಿ ಇದ್ರೆ ಮೋಡ ಇಲ್ಲ. ಗಂಡ ಹೆಂಡ್ತಿ ಒಟ್ಟಿಗೆ ಫೋಟೋಗೆ ನಿಲ್ಲಲ್ಲ ಅಂದಂಗೆ.

ಸಾವಿರ ಮೆಟ್ಟಿಲು

ಹಿಮ ಕರಗುತ್ತೆ, ಆಲಿಕಲ್ಲು ಮಾತ್ರ ಹೇಗೆ ಬರುತ್ತೆ ಅಂತ ಯಾರಾದ್ರೂ ಕೇಳೋ ಮುಂಚೆ ನಾನೇ ಹೇಳ್ತೀನಿ. ವೇಗ. ಹಿಮದ ಹರಳು ಸೆಕೆಂಡಿಗೆ ಒಂದು ಮೀಟರ್ ನಿಧಾನದಲ್ಲಿ ತೇಲ್ಕೊಂಡು ಬರುತ್ತೆ. ಕರಗದೆ ಬಂದಿದ್ರೂ ಸೊನ್ನೆ ಗೆರೆಯಿಂದ ನೆಲಕ್ಕೆ ಬರೋಕೆ ಒಂದು ಗಂಟೆ ಮೇಲೆ ಬೇಕಿತ್ತು. ಗೋಲಿ ಗಾತ್ರದ ಆಲಿಕಲ್ಲು ಸೆಕೆಂಡಿಗೆ 12ರಿಂದ 15 ಮೀಟರ್, ಐದು ನಿಮಿಷದಲ್ಲಿ ನಿಮ್ಮ ಹೆಂಚಿನ ಮೇಲೆ. ಕರಗೋಕೆ ಪುರುಸೊತ್ತು ಇಲ್ಲ. ಸಣ್ಣದು ದಾರೀಲಿ ಕರಗುತ್ತೆ, ದೊಡ್ಡದು ಸವೆದು ಚಿಕ್ಕದಾಗಿ ತಲುಪುತ್ತೆ. ಒಂದನ್ನ ಅಡ್ಡ ಸೀಳಿ ನೋಡಿ, ಈರುಳ್ಳಿ ಥರ ಬಿಳಿ ಪದರ, ಗಾಜಿನಂಥ ಪದರ ಒಂದರ ಮೇಲೊಂದು ಇರುತ್ತೆ.

ಒಂಟಿಕೊಪ್ಪಲ್ ಒಗ್ಗರಣೆ

ಸೋಲು ಒಪ್ಪಿಕೊಂಡೆ. ಹಾಗಾದ್ರೆ ಹೆಪ್ಪಿಬ್ಬನಿಯಾದರೂ ಬೀಳಬಹುದಿತ್ತಲ್ಲ? ಊಟಿ 125 ಕಿಲೋಮೀಟರ್ ದೂರ.

ಇಬ್ಬನಿ ಲೆಕ್ಕ

ಊಟಿ ದೂರ 125 ಕಿಲೋಮೀಟರ್, ಎತ್ತರ 2,240 ಮೀಟರ್. ಎರಡನೇ ಸಂಖ್ಯೆಯೇ ಮುಖ್ಯ. ಅಲ್ಲೂ ಎಲ್ಲ ಕಡೆ ಕಟ್ಟಲ್ಲ, ರೇಸ್ ಮೈದಾನದಂಥ ತಗ್ಗಲ್ಲಿ ಕಟ್ಟುತ್ತೆ. ತಣ್ಣನೆ ಗಾಳಿ ಭಾರ, ರಾತ್ರಿಯೆಲ್ಲ ಇಳಿಜಾರಲ್ಲಿ ಜಾರಿ ತಗ್ಗಿಗೆ ಸೇರುತ್ತೆ.

ಮೈಸೂರಿನ ದಾಖಲೆ 2012ರ ಜನವರಿಯ 7.7 ಡಿಗ್ರಿ. ಅದು ನೆಲದಿಂದ ನಾಲ್ಕಡಿ ಎತ್ತರದ ಪೆಟ್ಟಿಗೆಯಲ್ಲಿ ಅಳೆದದ್ದು. ಗಾಳಿ ಇಲ್ಲದ ತಿಳಿ ರಾತ್ರಿಯಲ್ಲಿ ಹುಲ್ಲಿನ ತುದಿ ಅದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗಿರುತ್ತೆ. ಲೆಕ್ಕ ಹಾಕಿದ್ರೆ ಹುಲ್ಲಿನ ಮಟ್ಟದಲ್ಲಿ 3 ಡಿಗ್ರಿ ಹತ್ತಿರ. ಮೂರೇ ಅಂಕದಲ್ಲಿ ಫೇಲು.

ಇದೇ ಉಪಾಯದಲ್ಲಿ ಅಲಹಾಬಾದ್ ಕಡೆ ಹಿಂದೆ ಮಂಜುಗಡ್ಡೆ ಬೆಳೀತಿದ್ರು. 1775ರಲ್ಲಿ ರಾಬರ್ಟ್ ಬಾರ್ಕರ್ ಅನ್ನೋರು ಅದನ್ನ ವಿವರಿಸಿ ಬರೆದಿದಾರೆ. ತಗ್ಗಾದ ಗುಂಡಿ ತೋಡಿ ಒಣ ಕಬ್ಬಿನ ಸೋಗೆ, ಹುಲ್ಲು ಹಾಸಿ, ಅದರ ಮೇಲೆ ಸಣ್ಣ ಮಣ್ಣಿನ ತಟ್ಟೆಗಳಲ್ಲಿ ತೆಳ್ಳಗೆ ನೀರು. ಹುಲ್ಲು ನೆಲದ ಶಾಖ ಮೇಲೆ ಬರದಂಗೆ ತಡೆಯುತ್ತೆ, ನೀರು ತನ್ನ ಶಾಖವನ್ನ ತಿಳಿ ಆಕಾಶಕ್ಕೆ ಬಿಡುತ್ತೆ, ಒಣ ಗಾಳಿಗೆ ಆವಿಯೂ ಆಗುತ್ತೆ. ಗಾಳಿ ಸೊನ್ನೆಗಿಂತ ಮೇಲಿದ್ರೂ ಬೆಳಗಾಗೋ ಹೊತ್ತಿಗೆ ಗಡ್ಡೆ. ಮಂಡ್ಯದಲ್ಲಿ ಸೋಗೆಗೆ ಬರ ಇಲ್ಲ. ಆದ್ರೆ ಕನಿಷ್ಠ ಉಷ್ಣಾಂಶ 15ರ ಮೇಲೆ ಇದ್ರೆ ತಟ್ಟೆಯಲ್ಲಿ ತಣ್ಣೀರು ಸಿಗುತ್ತೆ, ಅಷ್ಟೇ.

ಅಡ್ಡಗೋಡೆ ದೀಪ

ಯಂತ್ರ ತಂದು ಹಿಮ ಉಗುಳಿಸಿದ್ರೆ? ದಸರಾ ವಸ್ತುಪ್ರದರ್ಶನದಲ್ಲಿ ಇಡಬಹುದು. ಆಗಲ್ಲ ಅಂತೀರೇನೋ, ಆಗಬಹುದು ಅಂತಲೂ ಅನ್ನಿಸುತ್ತೆ.

ಕೊಬ್ಬರಿ ಎಣ್ಣೆ

ಬಯಲಲ್ಲಿ ಆಗಲ್ಲ. ಆ ಯಂತ್ರ ಒತ್ತಡದ ಗಾಳಿ ಜೊತೆ ನೀರನ್ನ ಧೂಳಿನ ಹಾಗೆ ಎರಚುತ್ತೆ. ಹನಿ ನೆಲ ಮುಟ್ಟೋದ್ರೊಳಗೆ ಹೆಪ್ಪುಗಟ್ಟಬೇಕು. ಅದಕ್ಕೆ ನೋಡಬೇಕಾದ್ದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸೋ ಉಷ್ಣಾಂಶ. ಅದು ಮೈನಸ್ 2 ಅಥವಾ ಇನ್ನೂ ಕಮ್ಮಿ ಇರಬೇಕು. ಜನವರಿ ಮಧ್ಯಾಹ್ನ 28 ಡಿಗ್ರಿ, ತೇವಾಂಶ ಶೇ. 35 ಇದ್ರೆ ಒದ್ದೆ ಬಟ್ಟೆ ತೋರಿಸೋದು 18. ಬೆಳಗಿನ ಜಾವ 14 ಡಿಗ್ರಿ, ಶೇ. 85 ಇದ್ರೆ 12ರಿಂದ 13. ಇನ್ನೂ 14 ಡಿಗ್ರಿ ಸಾಲ. ಯಂತ್ರ ಓಡಿಸಿದ್ರೆ ತುಂತುರು ಮಳೆ ಬರುತ್ತೆ, ಅದಕ್ಕೆ ಬೃಂದಾವನದ ಕಾರಂಜಿ ಆಗಲೇ ಇದೆ.

ಹೆಪ್ಪಿಬ್ಬನಿ ನೋಡಲೇಬೇಕು ಅನ್ನೋರು ಅಡುಗೆಮನೆಯಲ್ಲೇ ಬೆಳೀರಿ. ಕುಲ್ಫಿ ಮಾಡೋರ ಉಪಾಯ. ಪುಡಿ ಮಾಡಿದ ಐಸ್ 300 ಗ್ರಾಂ, ಉಪ್ಪು 100 ಗ್ರಾಂ, ತೆಳು ಸ್ಟೀಲ್ ಲೋಟ. ಲೋಟದ ಹೊರಮೈ ಒಣ ಬಟ್ಟೆಯಿಂದ ಒರೆಸಿ, ಐಸು ಉಪ್ಪು ಪದರ ಪದರವಾಗಿ ಮುಕ್ಕಾಲು ತುಂಬಿ, ಚಮಚದ ಹಿಡಿಯಿಂದ ಒಂದು ನಿಮಿಷ ಕಲಸಿ, ದಪ್ಪ ಮಡಿಕೆ ಬಟ್ಟೆ ಮೇಲೆ ಇಟ್ಟುಬಿಡಿ. ಉಪ್ಪು ಐಸನ್ನ ಕರಗಿಸುತ್ತೆ, ಕರಗೋಕೆ ಬೇಕಾದ ಶಾಖವನ್ನ ಐಸು ತನ್ನಿಂದಲೇ ಎಳ್ಕೊಳ್ಳುತ್ತೆ. ತೂಕದಲ್ಲಿ ಉಪ್ಪು ಶೇ. 23ರ ಆಸುಪಾಸು ಇದ್ರೆ ತಾತ್ವಿಕವಾಗಿ ಮೈನಸ್ 21ರವರೆಗೆ ಇಳಿಯಬಹುದು, ಮನೆಯಲ್ಲಿ ಮೈನಸ್ 15 ಸಿಕ್ಕಿದ್ರೆ ಸಾಕು. ಹತ್ತು ನಿಮಿಷದೊಳಗೆ ಲೋಟದ ಹೊರಗೆ ಬಿಳಿ ಪುಡಿಯಂಥ ಹರಳು ಕಟ್ಟುತ್ತೆ. ಭೂತಗನ್ನಡಿ ಇದ್ರೆ ಸೂಜಿಗಳು ಕಾಣುತ್ತೆ.

ಕೆಡೋದು ಮೂರು ಕಡೆ. ಹೊರಮೈ ಒದ್ದೆ ಇದ್ರೆ ಗಾಜಿನಂಥ ಗಡ್ಡೆ ಕಟ್ಟುತ್ತೆ, ಹರಳು ಬರಲ್ಲ. ಐಸು ದೊಡ್ಡ ಗಡ್ಡೆ ಆಗಿದ್ರೆ ಲೋಟಕ್ಕೆ ತಾಗೋ ಜಾಗ ಕಮ್ಮಿ, ತಂಪು ಹೊರಗೆ ತಲುಪಲ್ಲ. ಫ್ಯಾನ್ ಓಡ್ತಿದ್ರೆ ಬಿಸಿ ಗಾಳಿ ಬಡಿದು ಕರಗಿಸುತ್ತೆ, ಆರಿಸಿಬಿಡಿ. ಒದ್ದೆ ಬೆರಳಲ್ಲಿ ಮುಟ್ಟಬೇಡಿ, ಚರ್ಮ ಅಂಟುತ್ತೆ. ಮಕ್ಕಳು ನಾಲಿಗೆ ತಾಗಿಸೋಕೆ ಹೋಗ್ತಾರೆ, ಪಕ್ಕದಲ್ಲೇ ನಿಂತಿರಿ.

ಸಾವಿರ ಮೆಟ್ಟಿಲು

ಫ್ರೀಜರಿನ ಗೋಡೆಯಲ್ಲಿ ಕಟ್ಟೋದೂ ಇದೇ ಹೆಪ್ಪಿಬ್ಬನಿ ತಾನೇ? ಹಳೇ ಫ್ರಿಜ್ ಇರೋರ ಮನೇಲಿ ವರ್ಷವಿಡೀ ಹಿಮಾಲಯ.

ಮುದ್ದೆ ಮಾಸ್ಟರ್

ಲೋಟದ್ದು ಮಾಡ್ತೀನಿ ಕಣಕ್ಕ. ಮನೇಲಿ ಇರದು ಕಲ್ಲುಪ್ಪು. ನಡೀತದಾ, ಇಲ್ಲ ಪುಡಿ ಉಪ್ಪೇ ತರ್ಬೇಕಾ?

ಕೊಬ್ಬರಿ ಎಣ್ಣೆ

ನಡೆಯುತ್ತೆ ಅಣ್ಣ, ಒರಳಲ್ಲಿ ರವೆ ಹದಕ್ಕೆ ಕುಟ್ಟಿ ಹಾಕಿ. ಇಡಿಯಾಗಿ ಹಾಕಿದ್ರೆ ತಳಕ್ಕೆ ಹೋಗಿ ಕೂತು, ಕರಗೋದ್ರೊಳಗೆ ಐಸ್ ನೀರಾಗಿರುತ್ತೆ. ಮುಗಿದ ಮೇಲೆ ಆ ಉಪ್ಪುನೀರನ್ನ ಗಿಡಕ್ಕೆ ಮಾತ್ರ ಸುರೀಬೇಡಿ.